ಪತ್ತೆಯಾದ ಮೇಲೂ 18 ವರ್ಷ: ಒಬ್ಬ ಸಾಂಬಾ ಹಾಡುಗಾರರ ಪ್ರಕರಣ

1956ರ ಸುಮಾರಿಗೆ ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ ಒಬ್ಬರು ಕಾರು ತೊಳೆದು ಹೊಟ್ಟೆ ಹೊರೆಯುತ್ತಿದ್ದರು. ವಯಸ್ಸು 48ರ ಆಸುಪಾಸು. ಅದಕ್ಕೂ ಇಪ್ಪತ್ತು ಚಿಲ್ಲರೆ ವರ್ಷ ಮುಂಚೆ ದೇಶದ ದೊಡ್ಡ ದೊಡ್ಡ ಗಾಯಕರು ಇವರ ಹಾಡುಗಳನ್ನು ರೆಕಾರ್ಡ್ ಮಾಡಿದ್ದರು. ಒಂದು ರಾತ್ರಿ ಒಬ್ಬ ಪತ್ರಕರ್ತ ಇವರ ಗುರುತು ಹಿಡಿದರು. ಬ್ರೆಜಿಲ್‌ನ ಜನಪ್ರಿಯ ಸಂಗೀತವಾದ ಸಾಂಬಾದ ಲೋಕದಲ್ಲಿ ಈ ಕಥೆಯನ್ನು ಬಹಳ ಪ್ರೀತಿಯಿಂದ ಹೇಳುತ್ತಾರೆ. ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ ಕೂಡ. ಪತ್ತೆಯಾದರು, ಗೌರವ ಸಿಕ್ಕಿತು, ಕಥೆ ಮುಗಿಯಿತು.

ಆದರೆ ಇವರ ಸ್ವಂತ ಹೆಸರಿನ ಮೊದಲ ಎಲ್‌ಪಿ, ಅಂದರೆ ಹಲವು ಹಾಡುಗಳ ದೊಡ್ಡ ರೆಕಾರ್ಡ್, ಬಂದದ್ದು 1974ರಲ್ಲಿ. ನಡುವೆ ಸುಮಾರು 18 ವರ್ಷ ಕಳೆದಿತ್ತು. ಇಷ್ಟು ತಡ ಯಾಕಾಯಿತು, ಕೊನೆಗೆ ಕೆಲಸ ಆಗಿದ್ದು ಯಾವುದರಿಂದ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಡಿದೆ. ಹಳೆಯ ಕಲಾವಿದರಿಗೆ ಏನಾದರೂ ಮಾಡಬೇಕು ಅಂತ ಮನಸ್ಸಿರುವ ಯಾರಿಗೇ ಆದರೂ ಇದರಲ್ಲಿ ಕಲಿಯುವುದು ಜಾಸ್ತಿ ಇದೆ.

ಹಾಡುಗಾರರ ಹೆಸರನ್ನೂ ಅವರ ಹತ್ತಿರದವರ ಹೆಸರುಗಳನ್ನೂ ಬಿಟ್ಟಿದ್ದೇನೆ. ಸಾಂಬಾ ಬಲ್ಲವರಿಗೆ ಗುರುತು ಸಿಗಬಹುದು. ಹೆಸರು ಬಂದ ಕೂಡಲೇ ದಂತಕಥೆಯೂ ಬರುತ್ತದೆ, ಅವರು ತೆಗೆದುಕೊಂಡ ತೀರ್ಮಾನಗಳು ಹಿಂದೆ ಸರಿಯುತ್ತವೆ. ನನಗೆ ಬೇಕಿರುವುದು ಆ ತೀರ್ಮಾನಗಳು.

ಹಿನ್ನೆಲೆ

ಹುಟ್ಟಿದ್ದು 1908ರಲ್ಲಿ, ರಿಯೊದ ಕಟೇಚ್ ಬಡಾವಣೆಯಲ್ಲಿ. ಬಾಲ್ಯ ಕಳೆದದ್ದು ಹತ್ತಿರದ ಲರಂಜೇರಾಸ್‌ನಲ್ಲಿ. ಅಪ್ಪ ಗಿಟಾರ್, ಕವಾಕಿನ್ಯೊ ಬಾರಿಸುತ್ತಿದ್ದರು. ಕವಾಕಿನ್ಯೊ ಅಂದರೆ ಗಿಟಾರಿನ ಪುಟ್ಟ ತಮ್ಮನಂಥ ನಾಲ್ಕು ತಂತಿಯ ವಾದ್ಯ. ಹುಡುಗ ಅದನ್ನು ಹಿಡಿಯಲು ಕಲಿತದ್ದು ಮನೆಯಲ್ಲೇ. 11ನೇ ವಯಸ್ಸಿಗೆ ಮನೆಯ ಪರಿಸ್ಥಿತಿ ಕೆಟ್ಟು ಇಡೀ ಕುಟುಂಬ ರಿಯೊದ ಮಾಂಗೇರಾ ಗುಡ್ಡಕ್ಕೆ ಬಂತು. ಬ್ರೆಜಿಲ್‌ನಲ್ಲಿ ಗುಲಾಮಗಿರಿ ರದ್ದಾದದ್ದು 1888ರಲ್ಲಿ. 20ನೇ ಶತಮಾನದ ಶುರುವಿನಲ್ಲಿ ಊರಿನ ನಡುಭಾಗವನ್ನು ಚೆಂದ ಮಾಡುವ ನೆಪದಲ್ಲಿ ಬಡವರ ಮನೆಗಳನ್ನು ಕೆಡವಿದರು. ಹಾಗೆ ಹೊರಬಿದ್ದವರಲ್ಲಿ, ಹಿಂದಿನ ಗುಲಾಮರ ಮನೆತನದವರೂ ಸೇರಿ, ಅನೇಕರು ಗುಡ್ಡ ಹತ್ತಿದರು. ಈ ಹುಡುಗ ಬಂದಾಗ ಮಾಂಗೇರಾದಲ್ಲಿ ಗುಡಿಸಲುಗಳು ಇನ್ನೂ ವಿರಳವಾಗಿದ್ದವು.

ಶಾಲೆ ಪ್ರಾಥಮಿಕಕ್ಕೆ ನಿಂತಿತು. 15ರ ಸುಮಾರಿಗೆ ತಾಯಿ ತೀರಿಕೊಂಡರು. ಅಪ್ಪನ ಜೊತೆ ಹೊಂದಾಣಿಕೆ ಆಗಲಿಲ್ಲ, ಒಬ್ಬರೇ ಆದರು. ಗಾರೆ ಕೆಲಸ ಹಿಡಿದರು. ಕಾಯಿಲೆ ಬಿದ್ದಾಗ ಆರೈಕೆ ಮಾಡಿದ್ದು ಪಕ್ಕದ ಮನೆಯ, ವಯಸ್ಸಿನಲ್ಲಿ ಹಿರಿಯಳಾದ ಒಬ್ಬ ಹೆಂಗಸು. ಮುಂದೆ ಇಬ್ಬರೂ ಒಟ್ಟಿಗೆ ಬಾಳಿದರು. ಆಕೆ ಬಟ್ಟೆ ಒಗೆದು, ಅಡುಗೆ ಮಾಡಿ ಸಂಸಾರ ತೂಗಿಸಿದ್ದರಿಂದಲೇ ಇವರಿಗೆ ಹಾಡು ಕಟ್ಟುವಷ್ಟು ಬಿಡುವು ಸಿಕ್ಕಿತು. ಸಂಗೀತಗಾರರ ಜೀವನ ಬರೆಯುವವರು ಇಂಥ ದುಡಿಮೆಯನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ಈ ಪ್ರಕರಣದಲ್ಲಿ ಅದು ದಾಟಿಹೋಗುವ ಸಂಗತಿಯಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

1928ರಲ್ಲಿ ಗುಡ್ಡದ ಗೆಳೆಯರ ಜೊತೆ ಸೇರಿ ಮಾಂಗೇರಾದ ಸಾಂಬಾ ಶಾಲೆ ಕಟ್ಟಿದರು. ಕಾರ್ನಿವಲ್ ಮೆರವಣಿಗೆಗೆಂದು ತಯಾರಾಗುವ ಬಡಾವಣೆಯ ತಂಡಕ್ಕೆ ಅಲ್ಲಿ ಹಾಗನ್ನುತ್ತಾರೆ. ಹಸಿರು ಮತ್ತು ಗುಲಾಬಿ ಬಣ್ಣ ಆರಿಸಿದ್ದು ಇವರೇ. ಲರಂಜೇರಾಸ್‌ನಲ್ಲಿ ಚಿಕ್ಕಂದಿನಲ್ಲಿ ನೋಡಿದ ಮೆರವಣಿಗೆ ತಂಡದ ಬಣ್ಣಗಳವು. ಶಾಲೆಯ ಮೊದಲ ಹಾಡೂ ಇವರದ್ದೇ. 1932ರಲ್ಲಿ ಪ್ರಾಸಾ ಒನ್ಜೆ ಚೌಕದಲ್ಲಿ ನಡೆದ ಸಾಂಬಾ ಶಾಲೆಗಳ ಮೊದಲ ಸ್ಪರ್ಧೆಯಲ್ಲಿ ಮಾಂಗೇರಾ ಗೆದ್ದಿತು. ಆಗ ಇವರಿಗೆ 23.

ಹಾಡು ಮಾರಾಟ

1927ರಲ್ಲಿ ಬ್ರೆಜಿಲ್‌ಗೆ ವಿದ್ಯುತ್ ಮೈಕಿನ ರೆಕಾರ್ಡಿಂಗ್ ಬಂತು. ಅದಕ್ಕೂ ಮುಂಚೆ ಕೊಂಬಿನೊಳಗೆ ಗಟ್ಟಿಯಾಗಿ ಕೂಗಿ ಹಾಡಬೇಕಿತ್ತು. ಈಗ ಮೆಲ್ಲಗೆ, ಮಾತಾಡಿದ ಹಾಗೆ ಹಾಡಿದರೂ ನಡೆಯುತ್ತಿತ್ತು. ಸಾಂಬಾಕ್ಕೆ ಇದು ಹೇಳಿ ಮಾಡಿಸಿದಂತಿತ್ತು. ರೆಕಾರ್ಡ್ ಕಂಪನಿಗಳಿಗೆ, ಆಮೇಲೆ ಜಾಹೀರಾತು ಹಿಡಿದುಕೊಂಡು ಬೆಳೆದ ರೇಡಿಯೋಗೆ ಹಾಡುಗಳು ಬೇಕಾದವು. ಹಾಡುಗಳು ಇದ್ದದ್ದು ಗುಡ್ಡದ ಮೇಲೆ. ಸ್ಟುಡಿಯೋ ಇದ್ದದ್ದು ಕೆಳಗೆ, ಊರಿನಲ್ಲಿ. ಗುಡ್ಡದ ಕರಿಯ ಹಾಡುಗಾರರಿಗೆ ಸ್ಟುಡಿಯೋ ಬಾಗಿಲು ಸುಲಭವಾಗಿ ತೆರೆಯುತ್ತಿರಲಿಲ್ಲ. ಹಾಗಾಗಿ ಊರಿನ ಗಾಯಕರೇ ಹಾಡು ಕೊಳ್ಳಲು ಗುಡ್ಡ ಹತ್ತತೊಡಗಿದರು.

ಇವರ ಬಳಿಗೆ ಬಂದವರು ಮಾರಿಯೊ ರೇಸ್, ಆ ಕಾಲದ ಹೆಸರಾಂತ ಗಾಯಕ. ಮಧ್ಯಸ್ಥಿಕೆಗೆ ಪರಿಚಯದವನೊಬ್ಬ ಇದ್ದ. ಸಾಂಬಾ ಕೊಳ್ಳುತ್ತಾರಂತೆ ಅಂದಾಗ ಇವರಿಗೆ ಅದು ಹುಚ್ಚು ಮಾತಾಗಿ ಕೇಳಿಸಿತು. ಹಾಡನ್ನು ಯಾರಾದರೂ ದುಡ್ಡು ಕೊಟ್ಟು ಕೊಳ್ಳುತ್ತಾರಾ? ಕೇಳಲೇಬೇಕಾದರೆ 50 ಮಿಲ್‌ರೇಯ್ಸ್ (ಆಗಿನ ಬ್ರೆಜಿಲ್ ಹಣ) ಕೇಳೋಣ ಅಂದುಕೊಂಡರು. ಮಧ್ಯಸ್ಥ ಬಿಡಲಿಲ್ಲ, 500 ಕೇಳು ಅಂದ. ಕೊನೆಗೆ 300ಕ್ಕೆ ವ್ಯಾಪಾರ ಕುದುರಿತು. ಕೊಂಡವರು ರೇಸ್ ಆದರೂ, ಹಾಡು ಇನ್ನೊಬ್ಬ ಗಾಯಕ ಫ್ರಾನ್ಸಿಸ್ಕೊ ಆಲ್ವೆಸ್ ಅವರ ದನಿಯಲ್ಲಿ 1929ರಲ್ಲಿ ರೆಕಾರ್ಡ್ ಆಯಿತು.

ಈ ಪ್ರಕರಣದ ಮೊದಲ ತಿರುವು ಇದೇ. ಬೆಲೆ ಎಷ್ಟಿತ್ತು ಅನ್ನುವುದಕ್ಕಿಂತ ಏನನ್ನು ಮಾರಿದರು ಅನ್ನುವುದನ್ನು ನೋಡಬೇಕು. ಆಗ ಎರಡು ಬಗೆಯ ವ್ಯಾಪಾರ ನಡೆಯುತ್ತಿತ್ತು. ಒಂದರಲ್ಲಿ ಹಾಡು ಬರೆದವನ ಹೆಸರೇ ಹೋಗುತ್ತಿತ್ತು, ಇಲ್ಲವೇ ಕೊಂಡ ಗಾಯಕನ ಹೆಸರು ಜೊತೆಗೆ ಸೇರಿಕೊಳ್ಳುತ್ತಿತ್ತು. ಫ್ರಾನ್ಸಿಸ್ಕೊ ಆಲ್ವೆಸ್ ಹೆಸರು ಹೀಗೆ ಸಹ-ರಚನಕಾರನಾಗಿ ಹಲವು ಹಾಡುಗಳ ಮೇಲಿದೆ. ಇನ್ನೊಂದರಲ್ಲಿ ರೆಕಾರ್ಡ್ ಮಾರಾಟದಿಂದ ಬರುವ ದುಡ್ಡನ್ನು ಮಾತ್ರ ಬಿಟ್ಟುಕೊಡುವುದು, ಬರೆದವರು ಅಂತ ಹೆಸರು ಉಳಿಸಿಕೊಳ್ಳುವುದು. ಇವರು ಮಾಡಿದ್ದು ಎರಡನೆಯದನ್ನು. ದುಡ್ಡು ಹೋಯಿತು, ಹೆಸರು ಲೇಬಲ್ ಮೇಲೆ ಉಳಿಯಿತು.

ಮುಂದಿನ ನಾಲ್ಕೈದು ವರ್ಷ ಚೆನ್ನಾಗಿಯೇ ನಡೆಯಿತು. ಆಗಿನ ಗಾಯಕರಾದ ಕಾರ್ಮೆನ್ ಮಿರಾಂಡಾ, ಸಿಲ್ವಿಯೊ ಕಾಲ್ಡಾಸ್ ಇವರ ಹಾಡು ಹಾಡಿದರು. ಸಾಂಬಾ ರಚನಕಾರ ನೊಯೆಲ್ ರೋಝಾ ಜೊತೆ ಸೇರಿ ಹಾಡು ಕಟ್ಟಿದರು. 1940ರಲ್ಲಿ ಅಮೆರಿಕದ ಆರ್ಕೆಸ್ಟ್ರಾ ನಿರ್ದೇಶಕ ಲಿಯೋಪೋಲ್ಡ್ ಸ್ಟೊಕೊವ್‌ಸ್ಕಿ ರಿಯೊಗೆ ಬಂದಾಗ, ಸಂಗೀತಗಾರ ವಿಲ್ಲಾ ಲೋಬೊಸ್ ಅಲ್ಲಿನ ಒಳ್ಳೊಳ್ಳೆ ಜನಪ್ರಿಯ ಕಲಾವಿದರನ್ನು ಸೇರಿಸಿಕೊಟ್ಟರು. ಬಂದರಿನಲ್ಲಿ ನಿಂತಿದ್ದ ಹಡಗಿನಲ್ಲೇ ರೆಕಾರ್ಡಿಂಗ್ ಆಯಿತು. ಅದರಲ್ಲಿ ಇವರೂ ಇದ್ದರು. ರೆಕಾರ್ಡುಗಳನ್ನು ಕೊಲಂಬಿಯಾ ಕಂಪನಿ ಅಮೆರಿಕದಲ್ಲಿ ಬಿಡುಗಡೆ ಮಾಡಿತು. ಕೈಗೆ ಬಂದ ದುಡ್ಡು ಲೆಕ್ಕಕ್ಕೆ ಸಿಗದಷ್ಟು ಕಡಿಮೆ.

ಇಷ್ಟೆಲ್ಲ ಆದರೂ ತಿಂಗಳು ತಿಂಗಳು ಬರುವ ಆದಾಯ ಅಂತ ಒಂದು ಇರಲಿಲ್ಲ. ಹಾಡು ರೇಡಿಯೋದಲ್ಲಿ ಓಡುತ್ತಿತ್ತು, ಬರೆದವರು ಕೂಲಿ ಕೆಲಸಕ್ಕೆ ಓಡುತ್ತಿದ್ದರು.

ಕಳೆದುಹೋದದ್ದು

ಹೀಗೆ ನಿಂತಿದ್ದ ಬದುಕು ಬೀಳಲು ದೊಡ್ಡ ಪೆಟ್ಟೇನೂ ಬೇಕಿರಲಿಲ್ಲ. ಇಲ್ಲಿ ಪೆಟ್ಟುಗಳು ಒಟ್ಟಿಗೇ ಬಂದವು. 1937ರಿಂದ 1945ರ ತನಕ ಗೆಟೂಲಿಯೊ ವಾರ್ಗಾಸ್ ಸರ್ವಾಧಿಕಾರ. ದೇಶವನ್ನು ಹೊಗಳುವ, ದೊಡ್ಡ ವಾದ್ಯವೃಂದದ ಸಾಂಬಾಗಳಿಗೆ ಸರ್ಕಾರದ ಒಲವು. ಆಮೇಲೆ ರೇಡಿಯೋದಲ್ಲಿ ಬೊಲೆರೊ ಎಂಬ ಪ್ರೇಮಗೀತೆಗಳ ಹಾವಳಿ. ಇವರ ಮೆಲುದನಿಯ, ದುಃಖವನ್ನು ದೊಡ್ಡದು ಮಾಡದೆ ಹೇಳುವ ಹಾಡುಗಳನ್ನು ಕೇಳುವವರು ಕಡಿಮೆಯಾದರು. 1940ರ ದಶಕದ ನಡುವೆ ಮೆದುಳುಪೊರೆಯ ಸೋಂಕು ತಗುಲಿ ಸಾವಿನ ಬಾಗಿಲು ತಟ್ಟಿ ಬಂದರು. ಸ್ವಲ್ಪ ಸಮಯದಲ್ಲೇ ಸಂಸಾರ ತೂಗಿಸಿದ್ದ ಆ ಹೆಂಗಸು ತೀರಿಕೊಂಡರು. ತಾವೇ ಕಟ್ಟಿದ ಸಾಂಬಾ ಶಾಲೆಯಲ್ಲೂ ಹೊಸಬರ ಮಾತು ನಡೆಯತೊಡಗಿತ್ತು.

ಅವರು ಗುಡ್ಡ ಬಿಟ್ಟು ಹೋದರು. ಕುಡಿತ ಹೆಚ್ಚಿತು. ಎಲ್ಲಿದ್ದಾರೆ ಅಂತ ಗೊತ್ತಿಲ್ಲದೆ ಜನ ಸತ್ತೇ ಹೋದರು ಅಂದುಕೊಂಡರು.

ಪ್ರತಿಭೆ ಬತ್ತಿತು ಅಂತ ಕೆಲವರು ಈ ಘಟ್ಟವನ್ನು ವಿವರಿಸುತ್ತಾರೆ. ನಾನು ಒಪ್ಪುವುದಿಲ್ಲ. ಇವರ ಅತ್ಯುತ್ತಮ ಹಾಡುಗಳು ಬಂದದ್ದು ಇದಾದ ಮೇಲೆಯೇ. ಬತ್ತಿದ್ದು ಆಸರೆ. ಮನೆ ನಡೆಸುವವರು ಹೋದರು, ಹಾಡನ್ನು ಮೊದಲು ಕೇಳಿಸಿಕೊಳ್ಳುವ ಗುಂಪು ತಪ್ಪಿತು, ಹಳೆ ಹಾಡುಗಳಿಂದ ದುಡ್ಡು ಬರುವ ದಾರಿ ಮೊದಲೇ ಮಾರಾಟವಾಗಿತ್ತು. ಈ ಮೂರರಲ್ಲಿ ಒಂದಾದರೂ ನೆಟ್ಟಗಿದ್ದಿದ್ದರೆ ಅವರು ಕಾರು ತೊಳೆಯುವ ಪರಿಸ್ಥಿತಿಗೆ ಬರುತ್ತಿರಲಿಲ್ಲ ಅನ್ನಿಸುತ್ತದೆ.

ಯಾರು ಮೊದಲು ಹುಡುಕಿದ್ದು?

ಪತ್ರಕರ್ತ ಅಂತ ಎಲ್ಲರೂ ಹೇಳುತ್ತಾರೆ. ಕಾಲಾನುಕ್ರಮ ನೋಡಿದರೆ ಬೇರೆಯೇ ಕಾಣುತ್ತದೆ. 1950ರ ದಶಕದ ಶುರುವಿನಲ್ಲೇ ಗುಡ್ಡದ ಒಬ್ಬ ವಿಧವೆ ಇವರನ್ನು ಮತ್ತೆ ಮಾಂಗೇರಾಕ್ಕೆ ಕರೆತಂದಿದ್ದರು. ಇವರ ಹಳೆಯ ಜೊತೆಗಾರರೊಬ್ಬರ ನಾದಿನಿ ಆಕೆ. ಹೊಲಿಗೆ, ಅಡುಗೆ, ಬಟ್ಟೆ ಒಗೆಯುವುದು, ಎಲ್ಲ ಕೆಲಸ ಮಾಡಿ ಬದುಕಿದವರು. ಮುಂದೆ 1964ರಲ್ಲಿ ಇಬ್ಬರೂ ಮದುವೆಯಾದರು. ಪತ್ರಕರ್ತ ಗುರುತಿಸುವ ಹೊತ್ತಿಗೆ ಇವರಿಗೆ ಮರಳಿ ಹೋಗಲು ಒಂದು ಮನೆ ಇತ್ತು. ಇಲ್ಲದಿದ್ದರೆ ಆ ಭೇಟಿಯಿಂದ ಒಂದು ಪತ್ರಿಕಾ ಬರಹ ಹುಟ್ಟಿ ಅಲ್ಲಿಗೇ ಮುಗಿಯುತ್ತಿತ್ತೇನೋ.

ಭೇಟಿ ನಡೆದದ್ದು ರಿಯೊದ ಇಪನೇಮಾ ಬಡಾವಣೆಯ ಒಂದು ಸಣ್ಣ ಕಾಫಿ ಅಂಗಡಿಯಲ್ಲಿ, ರಾತ್ರಿ ಹೊತ್ತು. ಇವರು ಹತ್ತಿರದ ಗ್ಯಾರೇಜಿನ ಕೆಲಸದ ನಡುವೆ ಬಂದಿದ್ದರು. ಮೈಮೇಲಿನ ಕೆಲಸದ ಬಟ್ಟೆ ಒದ್ದೆಯಾಗಿತ್ತು. ಪತ್ರಕರ್ತನಿಗೆ ಹಳೆ ಸಾಂಬಾ ಚೆನ್ನಾಗಿ ಗೊತ್ತಿತ್ತು, ಸೋದರಮಾವ ಸಂಗೀತ ವಿಮರ್ಶಕ. ಹಾಗಾಗಿ ಹೆಸರು ಕೇಳಿದ ಕೂಡಲೇ ಎದುರಿಗಿರುವವರು ಯಾರು ಅಂತ ಹೊಳೆಯಿತು. ಆ 1929ರ ತೀರ್ಮಾನ ಇಲ್ಲಿ ಕೆಲಸಕ್ಕೆ ಬಂತು. ಲೇಬಲ್ ಮೇಲೆ ಹೆಸರು ಉಳಿದಿರದಿದ್ದರೆ ಆ ಹೆಸರಿಗೆ ಏನು ತೂಕ ಇರುತ್ತಿತ್ತು?

ಪತ್ರಕರ್ತ ಸುಮ್ನೆ ಬರೆದು ಬಿಡಲಿಲ್ಲ. ರೇಡಿಯೋ ಕೇಂದ್ರದಲ್ಲಿ ಹಾಡಿಸಿದರು, ಕೆಲಸಕ್ಕಾಗಿ ಓಡಾಡಿದರು. ಆಮೇಲೆ ಇವರಿಗೆ ಒಂದು ಸಚಿವಾಲಯದಲ್ಲಿ ಜವಾನನ ಕೆಲಸ ಸಿಕ್ಕಿತು, ಕಾಫಿ ಕೊಡುವುದು, ಕಾಗದ ಒಯ್ಯುವುದು. ಇದು ಸಣ್ಣ ಸಹಾಯ ಅಲ್ಲ. ಸಂಬಳ ಬಂತು, ನೆಲೆ ಸಿಕ್ಕಿತು. ಆದರೆ ಯಾವ ರೆಕಾರ್ಡ್ ಕಂಪನಿಯೂ ಇವರ ದನಿಯಲ್ಲಿ ಒಂದು ಪೂರ್ತಿ ರೆಕಾರ್ಡ್ ಮಾಡೋಣ ಅನ್ನಲಿಲ್ಲ. ಆ ಹೊತ್ತಿಗೆ ರಿಯೊದ ಕಡಲ ದಂಡೆಯ ಬಡಾವಣೆಗಳಲ್ಲಿ ಬೊಸಾ ನೋವಾ ಎಂಬ ಹೊಸ ಬಗೆಯ ಮೆಲು ಸಂಗೀತ ಶುರುವಾಗುತ್ತಿತ್ತು. ಎಲ್ಲರ ಕಿವಿ ಆ ಕಡೆ.

ಮಹಡಿ ಮೇಲಿನ ಊಟದ ಮನೆ

ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ಘಟ್ಟ ಇದು. 1960ರ ಸುಮಾರಿಗೆ ಊರಿನ ನಡುವೆ, ಸಾಂಬಾ ಶಾಲೆಗಳ ಸಂಘ ಇದ್ದ ಹಳೆ ಕಟ್ಟಡ ನೋಡಿಕೊಳ್ಳುವ ಕೆಲಸ ಇವರದ್ದಾಗಿ, ಇವರೂ ಗುಡ್ಡಕ್ಕೆ ಕರೆತಂದ ಆ ವಿಧವೆಯೂ ಅಲ್ಲೇ ಇದ್ದರು. ಹಾಡುಗಾರರು ಸಂಜೆ ಅಲ್ಲಿ ಸೇರತೊಡಗಿದರು. ಆಕೆ ಸೂಪ್ ಮಾಡಿ ಬಡಿಸುತ್ತಿದ್ದರು. ಸೂಪಿಗೆ ಬಂದವರು ಹಾಡಿಗೆ ಉಳಿದರು, ಹಾಡಿಗೆ ಬಂದವರು ಸೂಪಿಗೆ ಉಳಿದರು. ಇದನ್ನೇ ಒಂದು ಹೋಟೆಲ್ ಮಾಡಬಾರದೇಕೆ ಅಂತ ಕೆಲವು ಸ್ನೇಹಿತರು ಬಂಡವಾಳ ಹಾಕಿದರು. 1963ರಲ್ಲಿ ಕರಿಯೋಕಾ ಬೀದಿಯ ಒಂದು ಹಳೆಯ ಮಹಡಿ ಕಟ್ಟಡದಲ್ಲಿ ಊಟದ ಮನೆ ತೆರೆಯಿತು.

ಅಡುಗೆಮನೆ ಆಕೆಯದ್ದು. ಹಾಡಿನ ಕೋಣೆ ಇವರದ್ದು. ಸಾಂಬಾ ಹಾಡುಗಾರರಾದ ನೆಲ್ಸನ್ ಕವಾಕಿನ್ಯೊ, ಜೆ ಕೇಟಿ ಮುಂತಾದವರು ಹಾಡಿದರು. ಕೇಳಲು ಬಂದವರಲ್ಲಿ ವಿದ್ಯಾರ್ಥಿಗಳು, ಪತ್ರಕರ್ತರು, ಬೊಸಾ ನೋವಾ ಹಾಡುವ ಮಧ್ಯಮವರ್ಗದ ಹುಡುಗ ಹುಡುಗಿಯರು ಇದ್ದರು. ಮೊದಲು ಗಾಯಕರು ಗುಡ್ಡ ಹತ್ತಿ ಹಾಡು ಕೊಂಡೊಯ್ಯುತ್ತಿದ್ದರು. ಈಗ ಊರಿನ ಜನ ಬಂದು, ಬರೆದವರ ಬಾಯಿಂದಲೇ ಹಾಡು ಕೇಳುವಂತಾಯಿತು. ಹಾಡನ್ನು ಅದರ ಯಜಮಾನನಿಂದ ಬೇರೆ ಮಾಡಿ ಒಯ್ಯಲು ಇಲ್ಲಿ ದಾರಿ ಇರಲಿಲ್ಲ.

ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗ ಅಲ್ಲಿ ಗಿಟಾರ್ ಹಿಡಿದು ಬೇರೆಯವರಿಗೆ ಸಾಥ್ ಕೊಡುತ್ತಿದ್ದ. ಒಂದು ದಿನ ಇವರು ಅವನ ಕೈಗೆ ಒಂದಿಷ್ಟು ನೋಟು ಇಟ್ಟರು. ಓಡಾಟದ ಖರ್ಚಿಗಾದರೂ ಆಗಲಿ ಅನ್ನುವುದು ಅವರ ಮಾತು. ಸಂಗೀತದಿಂದ ಆ ಹುಡುಗನಿಗೆ ಸಿಕ್ಕ ಮೊದಲ ದುಡ್ಡು ಅದು. ಮುಂದೆ ಬ್ರೆಜಿಲ್ ಅವನನ್ನು ಪೌಲಿನ್ಯೊ ದ ವಿಯೋಲಾ ಅಂತ ತಲೆ ಮೇಲೆ ಹೊತ್ತುಕೊಂಡಿತು. ತಮ್ಮ ಹಾಡಿಗೆ ಸರಿಯಾದ ದುಡ್ಡು ಕಾಣದ ಮನುಷ್ಯ, ಕೈಗೆ ಬಂದ ಮೊದಲ ಅವಕಾಶದಲ್ಲೇ ಹುಡುಗನ ಕೆಲಸಕ್ಕೆ ದುಡ್ಡು ಕೊಟ್ಟರು. ಇದನ್ನು ಓದಿದಾಗಲೆಲ್ಲ ನನಗೆ ಅವರ ಮೇಲಿನ ಗೌರವ ಇಮ್ಮಡಿಯಾಗುತ್ತದೆ.

1964ರಲ್ಲಿ ಬೊಸಾ ನೋವಾ ಗಾಯಕಿ ನಾರಾ ಲೆಯಾವ್ ಇವರ ಹಾಡೊಂದನ್ನು ತಮ್ಮ ಎಲ್‌ಪಿಯಲ್ಲಿ ಹಾಡಿದರು. ಹೊಸ ಪೀಳಿಗೆ ಇವರನ್ನು ಕೇಳತೊಡಗಿದ್ದು ಅಲ್ಲಿಂದ.

ಆದರೆ ಊಟದ ಮನೆ 1965ರಲ್ಲಿ ಮುಚ್ಚಿತು. ಎರಡು ವರ್ಷವೂ ತುಂಬಲಿಲ್ಲ. ಜನ ಬರಲಿಲ್ಲ ಅಂತೇನಿಲ್ಲ, ಕಿಕ್ಕಿರಿದು ಬರುತ್ತಿದ್ದರು. ಸ್ನೇಹಿತರು ತಿಂದು ಲೆಕ್ಕ ಬರೆಸಿ ಹೋಗುತ್ತಿದ್ದರು, ವ್ಯವಹಾರ ನೋಡಿಕೊಳ್ಳುವವರು ಗಟ್ಟಿ ಇರಲಿಲ್ಲ. ಗಂಡ ಹೆಂಡತಿ ಇಬ್ಬರಿಗೂ ಬಾಗಿಲಿಗೆ ಬಂದವರಿಗೆ ಇಲ್ಲ ಅನ್ನಲು ಬರುತ್ತಿರಲಿಲ್ಲ. ಇದನ್ನು ಸೋಲು ಅಂತ ಲೆಕ್ಕ ಹಾಕುವವರಿದ್ದಾರೆ. ದುಡ್ಡಿನ ಲೆಕ್ಕದಲ್ಲಿ ಹೌದು. ಆದರೆ ಮುಂದಿನ ಹತ್ತು ವರ್ಷ ಇವರ ಹಾಡು ಹಾಡಿದವರು, ಇವರ ಬಗ್ಗೆ ಬರೆದವರು, ಇವರಿಗಾಗಿ ಕಂಪನಿಗಳ ಬಾಗಿಲು ತಟ್ಟಿದವರ ಪೈಕಿ ಎಷ್ಟೋ ಜನ ಆ ಮಹಡಿ ಹತ್ತಿದ್ದವರೇ.

ಎಲ್‌ಪಿ

1974ರಲ್ಲಿ ಸಾವೊ ಪಾವ್ಲೊದ ಒಬ್ಬ ನಿರ್ಮಾಪಕ ಹಟ ಹಿಡಿದು ಇವರ ಎಲ್‌ಪಿ ಮಾಡಿಸಿದರು. ಬಿಡುಗಡೆ ಮಾಡಿದ್ದು ಜಾಹೀರಾತು ವೃತ್ತಿಯವರೊಬ್ಬರು ಕಟ್ಟಿದ ಸಣ್ಣ ಕಂಪನಿ. ದೊಡ್ಡ ಕಂಪನಿಗಳು ಮುಂದೆ ಬರಲಿಲ್ಲ. ಹಾಡುಗಾರರಿಗೆ 65 ವರ್ಷ.

ಇಲ್ಲಿ ಒಂದು ತೀರ್ಮಾನವನ್ನು ಹತ್ತಿರದಿಂದ ನೋಡಬೇಕು. ಇವರ ದನಿ ಅಷ್ಟೊತ್ತಿಗೆ ಮುದಿಯಾಗಿತ್ತು, ಸ್ವಲ್ಪ ಗೊಗ್ಗರು. ಮಾಮೂಲಿ ದಾರಿ ಅಂದರೆ ದೊಡ್ಡ ಗಾಯಕರಿಂದ ಹಾಡಿಸಿ, ಬರೆದವರಿಗೆ ಗೌರವಾರ್ಪಣೆ ಅಂತ ಮುಖಪುಟದಲ್ಲಿ ಚಿತ್ರ ಹಾಕುವುದು. ಹಾಗೆ ಮಾಡಲಿಲ್ಲ. ಅವರೇ ಹಾಡಿದರು. ಹಿಂದೆ ಏಳು ತಂತಿಯ ಗಿಟಾರಿನ ಡೀನೊ ಅವರಂಥ ಪಳಗಿದ ಕೈಗಳು, ಕವಾಕಿನ್ಯೊ, ಕೊಳಲು, ಟ್ರಾಂಬೋನ್, ತಾಳವಾದ್ಯ, ಅಷ್ಟೇ. ಪಿಟೀಲುಗಳ ದಂಡು ಇಲ್ಲ. ಗೊಗ್ಗರು ದನಿ ಅಡಗಿಸುವ ಪ್ರಯತ್ನವೂ ಇಲ್ಲ. ಕೇಳಿ ನೋಡಿ, ಸಾಲಿನ ಕೊನೆಯಲ್ಲಿ ದನಿ ಎಳೆಯದೆ, ಮಾತು ಮುಗಿಸಿದ ಹಾಗೆ ನಿಲ್ಲಿಸುತ್ತಾರೆ. ನೋವಿನ ಸಾಲಿಗೆ ಅದಕ್ಕಿಂತ ಒಳ್ಳೆಯ ಹಾಡುಗಾರಿಕೆ ನನಗೆ ಗೊತ್ತಿಲ್ಲ.

ವಿಮರ್ಶಕರು ಮೆಚ್ಚಿದರು. 1976ರಲ್ಲಿ ಎರಡನೇ ಎಲ್‌ಪಿ ಅದೇ ಕಂಪನಿಯಿಂದ ಬಂತು. ಅದರಲ್ಲಿ ಗುಲಾಬಿಗಳ ಬಗ್ಗೆ ಒಂದು ಹಾಡಿತ್ತು. ಸಾಂಬಾ ಗಾಯಕಿ ಬೆತ್ ಕರ್ವಾಲ್ಯೊ ಅದನ್ನು ಹಾಡಿದರು, ಟಿವಿ ಧಾರಾವಾಹಿಯಲ್ಲಿ ಬಂತು, ಮನೆ ಮನೆಗೆ ತಲುಪಿತು. ಈ ಸಲ ಹಾಡು ಬೇರೆಯವರ ದನಿಯಲ್ಲಿ ಓಡಿದಾಗ ಬರೆದವರ ಕೈ ಬರಿದಾಗಿರಲಿಲ್ಲ. ಹಕ್ಕು ಅವರದ್ದೇ ಇತ್ತು. 1929ಕ್ಕೂ 1976ಕ್ಕೂ ಇರುವ ವ್ಯತ್ಯಾಸ ಇಷ್ಟೇ, ಮತ್ತು ಇದು ಬಹಳ ದೊಡ್ಡದು.

ಕನ್ನಡದಲ್ಲಿ ಹಾಡು ಬರೆಯುವವರಿಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ದೇಶದ ಕೃತಿಸ್ವಾಮ್ಯ ಕಾನೂನಿಗೆ 2012ರಲ್ಲಿ ತಿದ್ದುಪಡಿ ಬಂದಿದೆ. ಸಿನಿಮಾ ಹಾಡಿನ ಸಾಹಿತ್ಯ ಬರೆದವರು, ಸಂಗೀತ ಕೊಟ್ಟವರು, ಚಿತ್ರಮಂದಿರದಲ್ಲಿ ಸಿನಿಮಾದ ಜೊತೆ ತೋರಿಸುವುದನ್ನು ಬಿಟ್ಟು ಬೇರೆ ಬಳಕೆಗಳಿಂದ ಬರುವ ರಾಯಧನದ ತಮ್ಮ ಸಮಪಾಲನ್ನು ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕೆ ವಸೂಲಿಗೆಂದು ಕೊಡಬಹುದೇ ಹೊರತು ಬೇರೆ ಯಾರಿಗೂ ಬಿಟ್ಟುಕೊಡುವಂತಿಲ್ಲ. ಬಿಟ್ಟುಕೊಟ್ಟೆ ಅಂತ ಬರೆದುಕೊಟ್ಟರೂ ಆ ಒಪ್ಪಂದ ನಿಲ್ಲುವುದಿಲ್ಲ. ಸಿನಿಮಾದ ಹೊರಗಿನ ಹಾಡುಗಳಿಗೂ ಹೀಗೇ ರಕ್ಷಣೆ ಇದೆ. ರಿಯೊದ ಆ 20ರ ಹುಡುಗನಿಗೆ ಮಾಂಗೇರಾ ಗುಡ್ಡದಲ್ಲಿ ಇದನ್ನು ಹೇಳುವವರು ಯಾರೂ ಇರಲಿಲ್ಲ. ನಿಮಗೆ ಇದು ಗೊತ್ತಿರಲಿ. ಇಡೀ ಮೊತ್ತ ಒಂದೇ ಸಲ ಕೊಡುತ್ತೇವೆ, ಇಲ್ಲಿ ಸಹಿ ಹಾಕಿ ಅಂದರೆ ಮೊದಲು ಕಾಗದ ಓದಿ.

ಇನ್ನೊಂದು ಮಾತು, ಹಿರಿಯ ಕಲಾವಿದರನ್ನು ಹುಡುಕಿ ಹೋಗುವವರಿಗೆ. ಸನ್ಮಾನಕ್ಕಿಂತ ಮೊದಲು ರೆಕಾರ್ಡಿಂಗ್ ಆಗಲಿ. ಇವರ ಪ್ರಕರಣದಲ್ಲಿ 1956ರಿಂದ 1974ರ ತನಕ ಒಳ್ಳೆಯ ಮನಸ್ಸಿನ ಜನಕ್ಕೆ ಕೊರತೆ ಇರಲಿಲ್ಲ. ಕೆಲಸ ಕೊಡಿಸಿದರು, ವೇದಿಕೆ ಕೊಟ್ಟರು, ಬರೆದರು. ಮೈಕಿನ ಮುಂದೆ ಕೂರಿಸಿ ಇಡೀ ಎಲ್‌ಪಿಗೆ ಹಾಡಿಸುವ ಕೆಲಸ ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು. ಅಷ್ಟರಲ್ಲಿ ಆ ದನಿ 48ರಿಂದ 65ಕ್ಕೆ ಬಂದಿತ್ತು. 50ರ ವಯಸ್ಸಿನಲ್ಲಿ ಅವರು ಹೇಗೆ ಹಾಡುತ್ತಿದ್ದರು ಅಂತ ತಿಳಿಯಲು ಒಂದು ಎಲ್‌ಪಿಯೂ ನಮ್ಮ ಬಳಿ ಇಲ್ಲ.

ಕೊನೆಯ ವರ್ಷಗಳು ಬೇಗ ಬೇಗ ಸಾಗಿದವು. 1977ರಲ್ಲಿ ಮೂರನೇ ಎಲ್‌ಪಿ, ಈ ಸಲ ದೊಡ್ಡ ಕಂಪನಿಯಿಂದ. 1978ರಲ್ಲಿ, 70ರ ಹೊಸ್ತಿಲಲ್ಲಿ, ಗುಡ್ಡದ ಮನೆಗೆ ಬರುವವರ ಗದ್ದಲ ತಡೆಯಲಾರದೆ ದೂರದ ಜಕರೆಪಗ್ವಾ ಬಡಾವಣೆಗೆ ಮನೆ ಬದಲಿಸಿದರು. ಹಾಡು ಕಟ್ಟಲು ಸ್ವಲ್ಪ ಶಾಂತಿ ಬೇಕು ಅನ್ನುವುದು ಅವರ ಆಸೆ. ಬಾಳಿನುದ್ದಕ್ಕೂ ಯಾರಿಗೂ ಇಲ್ಲ ಅನ್ನದ ಮನುಷ್ಯ ತಮಗೋಸ್ಕರ ತೆಗೆದುಕೊಂಡ ಈ ತೀರ್ಮಾನ ನನಗೆ ಇಷ್ಟ. 1979ರಲ್ಲಿ ನಾಲ್ಕನೇ ಎಲ್‌ಪಿ ಬಂತು. 1980ರ ನವೆಂಬರ್ 30ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು.